ಹಳೇ ಬಾಟಲಿ: ಓದೋದು ಹೇಗೆ, ತೊಳೆಯೋದು ಹೇಗೆ, ಇಡೋದು ಎಲ್ಲಿ

ಈ ಸಲದ ಪಾಠಕ್ಕೆ ನಾವು ಸಿಲಬಸ್‌ನಲ್ಲಿ ಇಲ್ಲದ, ಆದ್ರೆ ಅರ್ಧ ಸಿಲಬಸ್ಸನ್ನೇ ಒಳಗಿಟ್ಟುಕೊಂಡಿರುವ ಒಂದು ವಸ್ತು ತಗೊಂಡಿದ್ದೇವೆ. ಅದು ಹಳೇ ಗಾಜಿನ ಬಾಟಲಿ. ಮನೆ ಅಲಂಕಾರಕ್ಕೆ ಬಾಟಲಿ ಇಡೋದು ಈಗ ಎಲ್ಲಾ ಕಡೆ ಕಾಣುತ್ತೆ. ಕೆಫೆಗಳಲ್ಲಿ ಬಾಟಲಿಯೊಳಗೆ ಲೈಟು, ಹಾಸ್ಟೆಲ್ ಕಿಟಕಿಯಲ್ಲಿ ಬಾಟಲಿಯೊಳಗೆ ಮನಿ ಪ್ಲಾಂಟ್. ರೀಲ್ಸ್ ತೆಗೆದರೆ ಬಾಟಲಿಗೆ ಪೇಂಟ್ ಹೊಡೆಯೋದು, ದಾರ ಸುತ್ತಿ ಬೆಂಕಿ ಹಚ್ಚಿ ಕತ್ತರಿಸೋದು, ಡ್ರಿಲ್ ಮಾಡೋದು, ಎಲ್ಲಾ 30 ಸೆಕೆಂಡಿನಲ್ಲಿ ಮುಗಿದುಹೋಗುತ್ತೆ.

ಹೋದ ವಾರ ಖಾಲಿಯಾದ ಜ್ಯೂಸ್ ಬಾಟಲಿಗೆ ಪೇಂಟ್ ಹೊಡೆದರೆ ನಷ್ಟ ಏನಿಲ್ಲ, ಅಂಥದ್ದು ಅಂಗಡಿಯಲ್ಲಿ ಇನ್ನೂ ನೂರಿವೆ. ಆದ್ರೆ ಅಜ್ಜಿ ಮನೆಯ ಅಟ್ಟದಿಂದ ಇಳಿದು ಬಂದ ಬಾಟಲಿ ಬೇರೆ. ಅದನ್ನ ಯಾರು ಮಾಡಿದರು, ಯಾವ ವಿಧಾನದಲ್ಲಿ, ಸುಮಾರು ಯಾವ ಕಾಲದಲ್ಲಿ ಅನ್ನೋದು ಅದರ ಮೈಮೇಲೇ ಇರುತ್ತೆ. ಪೇಂಟ್ ಹೊಡೆದರೆ ಅದು ಮುಚ್ಚಿಹೋಗುತ್ತೆ, ಕತ್ತರಿಸಿದರೆ ಹೋಗೇಬಿಡುತ್ತೆ. ಹಾಗಾಗಿ ನಮ್ಮ ಮಾತು ಇಷ್ಟೇ: ಹಳೇ ಬಾಟಲಿಯನ್ನ ಮೊದಲು ಓದಬೇಕು, ಆಮೇಲೆ ಇಡಬೇಕು. ಸರಿಯಾಗಿ ಓದಿದರೆ ಅಲಂಕಾರಕ್ಕೆ ಬೇರೇನೂ ಬೇಕಾಗಲ್ಲ. ಒಳ್ಳೇ ಜಾಗ, ಒಳ್ಳೇ ಬೆಳಕು ಸಾಕು.

ಮೊದಲು ಹೆಸರು

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಎಲ್ಲವೂ ಬಾಟಲ್ಲೇ. ಮನೆಯ ಹಿರಿಯರ ಬಾಯಲ್ಲಿ ಹಾಗಲ್ಲ. ಔಷಧಿ, ಅತ್ತರು ಇರೋದು ಸೀಸೆ. ಇದು ಪರ್ಷಿಯನ್ನಿನ ಶೀಶಾ ಅನ್ನೋ ಪದದಿಂದ ಬಂದದ್ದು; ಸೀಸ ಅನ್ನೋ ಲೋಹಕ್ಕೂ ಇದಕ್ಕೂ ಗೊಂದಲ ಬೇಡ. ಗಿಡ್ಡ, ಗುಂಡು ಮೈ ಇರೋದು ಬುಡ್ಡಿ: ಮಸಿ ಬುಡ್ಡಿ, ಸೀಮೆಎಣ್ಣೆ ಬುಡ್ಡಿ. ಉಪ್ಪಿನಕಾಯಿ ಇರೋದು ಭರಣಿ, ಅದು ಹೆಚ್ಚಾಗಿ ಪಿಂಗಾಣಿಯದ್ದು. ಪದ ಬೇರೆ ಆದಾಗ ಆಕಾರ, ಉಪಯೋಗ ಎರಡೂ ಬೇರೆ. ಹುಡುಕಲು ಹೊರಟಾಗ "ಹಳೇ ಬಾಟಲ್ ಇದೆಯಾ ಅಜ್ಜಿ?" ಅಂದ್ರೆ "ಇಲ್ಲಪ್ಪ" ಅಂತ ಉತ್ತರ ಬರಬಹುದು. "ಮಸಿ ಬುಡ್ಡಿ ಇದೆಯಾ, ಔಷಧಿ ಸೀಸೆ ಇದೆಯಾ?" ಅಂತ ಕೇಳಿ ನೋಡಿ.

ಗಾಜು ಅಂದ್ರೆ ಏನು

ಮಾಮೂಲಿ ಬಾಟಲಿ ಗಾಜಿನಲ್ಲಿ ಮೂರು ಮುಖ್ಯ ಪದಾರ್ಥ ಇರುತ್ತೆ. ಸುಮಾರು 70ರಿಂದ 74% ಸಿಲಿಕಾ, ಅಂದ್ರೆ ಮರಳು. ಮರಳು ಒಂದನ್ನೇ ಕರಗಿಸೋಕೆ 1,700 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೇಕು. ಅದನ್ನ ಕಡಿಮೆ ಮಾಡೋಕೆ ಸೋಡಾ ಸೇರಿಸ್ತಾರೆ. ಆದ್ರೆ ಸೋಡಾ ಮಾತ್ರ ಸೇರಿಸಿದ ಗಾಜು ನೀರಿನಲ್ಲಿ ಕರಗುತ್ತೆ, ಅದನ್ನ ತಡೆಯೋಕೆ ಸುಣ್ಣ. ಇದಕ್ಕೇ ಸೋಡಾ-ಲೈಮ್ ಗಾಜು ಅಂತ ಹೆಸರು. ನಮ್ಮ ಕೆಮಿಸ್ಟ್ರಿ ಲ್ಯಾಬಿನ ಬೀಕರ್ ಹೆಚ್ಚಾಗಿ ಬೋರೋಸಿಲಿಕೇಟ್, ಅದು ಬೇರೆ ಜಾತಿ. ಈ ವ್ಯತ್ಯಾಸ ತೊಳೆಯುವಾಗ ಕೆಲಸಕ್ಕೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಬಣ್ಣ ಎಲ್ಲಿಂದ? ಮರಳಿನಲ್ಲಿ ಕಬ್ಬಿಣದ ಅಂಶ ಇದ್ದೇ ಇರುತ್ತೆ. ಅದರಿಂದ ಬರೋದೇ ಹಳೇ ಬಾಟಲಿಗಳ ಆ ತಿಳಿ ಹಸಿರು-ನೀಲಿ ಛಾಯೆ. ಯಾರೋ ಬೇಕು ಅಂತ ಹಾಕಿದ ಬಣ್ಣ ಅಲ್ಲ ಅದು, ತೆಗೆಯದೇ ಬಿಟ್ಟ ಬಣ್ಣ. ಕಬ್ಬಿಣ, ಗಂಧಕ, ಇಂಗಾಲ ಸೇರಿದರೆ ಕಂದು. ಕಂದು ಗಾಜು ಅತಿನೇರಳೆ ಕಿರಣವನ್ನ ಒಳಗೆ ಬಿಡಲ್ಲ. ಔಷಧಿಯೂ ಬಿಯರೂ ಅದರಲ್ಲೇ ಬರೋದು ಅದಕ್ಕೆ. ಚೂರೇ ಚೂರು ಕೋಬಾಲ್ಟ್ ಸೇರಿಸಿದರೆ ಗಾಢ ನೀಲಿ.

ಬಣ್ಣ ಇಲ್ಲದ ಗಾಜು ಬೇಕಾದವರು ಒಂದು ಕಾಲದಲ್ಲಿ ಮ್ಯಾಂಗನೀಸ್ ಹಾಕ್ತಿದ್ದರು. ಅದು ಕಬ್ಬಿಣದ ಹಸಿರನ್ನ ಕಾಣದಂತೆ ಮಾಡುತ್ತೆ. ಆದ್ರೆ ಅಂಥ ಗಾಜು ವರ್ಷಾನುಗಟ್ಟಲೆ ಬಿಸಿಲಿನಲ್ಲಿದ್ದರೆ ನಿಧಾನವಾಗಿ ತಿಳಿ ನೇರಳೆಗೆ ತಿರುಗುತ್ತೆ. ಮೊದಲ ಮಹಾಯುದ್ಧದ ಹೊತ್ತಿಗೆ ಮ್ಯಾಂಗನೀಸ್ ಜಾಗಕ್ಕೆ ಸೆಲೆನಿಯಂ ಬರೋಕೆ ಶುರುವಾಯ್ತು. ಹಾಗಾಗಿ ತಿಳಿ ನೇರಳೆ ಬಾಟಲಿ ಕಂಡರೆ ಅದು ಸಾಕಷ್ಟು ಹಳೇದಿರಬಹುದು. "ಇರಬಹುದು" ಅಷ್ಟೇ, ಯಾಕಂದ್ರೆ ಈಗ ಕೃತಕವಾಗಿ ವಿಕಿರಣ ಹಾಯಿಸಿ ಕಡು ನೇರಳೆ ಮಾಡಿ ಮಾರುವವರೂ ಇದ್ದಾರೆ.

ಓದಬೇಕಾದ ಐದು ಜಾಗ

ಬಾಟಲಿಯನ್ನ ಒಣ ಕೈಯಲ್ಲಿ, ಮೇಜಿನ ಮೇಲೆ ಬಟ್ಟೆ ಹಾಸಿ, ಕಿಟಕಿ ಬೆಳಕಿನಲ್ಲಿ ಹಿಡಿದು ಈ ಐದು ಕಡೆ ನೋಡಿ.

ಒಂದು, ಪಕ್ಕದ ಗೆರೆ. ಎರಡು ಭಾಗದ ಅಚ್ಚಿನಲ್ಲಿ ಮಾಡಿದ ಬಾಟಲಿಗೆ ಮೈಯುದ್ದಕ್ಕೂ ಸಣ್ಣ ಗೆರೆ ಇರುತ್ತೆ. ಉಗುರಿನಲ್ಲಿ ಸವರಿದರೆ ತಿಳಿಯುತ್ತೆ. ಆ ಗೆರೆ ಕುತ್ತಿಗೆಯಲ್ಲೇ ನಿಂತುಹೋದರೆ, ಮೈಯನ್ನ ಅಚ್ಚಿನೊಳಗೆ ಬಾಯಿಂದ ಊದಿ, ತುಟಿಯನ್ನ ಆಮೇಲೆ ಬೇರೆ ಉಪಕರಣದಿಂದ ತೀಡಿದ್ದಾರೆ ಅಂತ ಅರ್ಥ. ಗೆರೆ ತುಟಿಯ ಮೇಲೂ ಹಾದುಹೋಗಿದ್ದರೆ ಯಂತ್ರದ್ದು. ಪೂರ್ತಿ ಸ್ವಯಂಚಾಲಿತ ಬಾಟಲಿ ಯಂತ್ರವನ್ನ ಅಮೆರಿಕದಲ್ಲಿ ಮೈಕೆಲ್ ಓವೆನ್ಸ್ ತಯಾರು ಮಾಡಿದ್ದು 1903ರಲ್ಲಿ. ಆದ್ರೆ ಅಲ್ಲಿ ಯಂತ್ರ ಬಂದ ದಿನವೇ ಎಲ್ಲಾ ಕಡೆ ಬರಲಿಲ್ಲ. ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಇವತ್ತಿಗೂ ಗಾಜನ್ನ ಬಾಯಲ್ಲಿ ಊದುವ ಕೆಲಸಗಾರರಿದ್ದಾರೆ. ಆದ್ದರಿಂದ ಗೆರೆ ನಮಗೆ ಹೇಳೋದು ವಿಧಾನವನ್ನ, ಇಸವಿಯನ್ನಲ್ಲ.

ಎರಡು, ಬಾಯಿ. ಒಳಗಡೆ ನುಣುಪಾಗಿದ್ದರೆ ಬಿರಡೆ ಅಥವಾ ಕಾರ್ಕ್ ಹಾಕುವಂಥದ್ದು. ಹೊರಗಡೆ ಮರೆ ಇದ್ದರೆ ತಿರುಗಿಸುವ ಮುಚ್ಚಳ. ತುಟಿಯ ಸುತ್ತ ಒಂದು ದಪ್ಪ ಉಂಗುರ ಇದ್ದರೆ ಓಪನರ್‌ನಿಂದ ಕೀಳುವ ಮುಚ್ಚಳದ್ದು. ಆ ಮುಚ್ಚಳಕ್ಕೆ ಕ್ರೌನ್ ಕಾರ್ಕ್ ಅಂತ ಹೆಸರು, ವಿಲಿಯಂ ಪೇಂಟರ್ ಅದಕ್ಕೆ 1892ರಲ್ಲಿ ಪೇಟೆಂಟ್ ಪಡೆದರು. ಹಾಗಾಗಿ ಕ್ರೌನ್ ಬಾಯಿಯ ಬಾಟಲಿ ಅದಕ್ಕಿಂತ ಹಳೇದು ಆಗೋಕೆ ಸಾಧ್ಯ ಇಲ್ಲ.

ಮೂರು, ತಳ. ನಿಜವಾಗಿ ಬಳಸಿದ ಬಾಟಲಿಯ ತಳದ ಅಂಚಿನಲ್ಲಿ ಅಡ್ಡಾದಿಡ್ಡಿ ಸಣ್ಣ ಗೀರುಗಳು ಇರುತ್ತವೆ, ಉದ್ದ, ದಿಕ್ಕು ಎಲ್ಲಾ ಬೇರೆ ಬೇರೆ. ಎಲ್ಲಾ ಗೀರು ಒಂದೇ ದಿಕ್ಕಿನಲ್ಲಿದ್ದರೆ ಯಾರೋ ಉಪ್ಪುಕಾಗದದಿಂದ ಉಜ್ಜಿ ಹಳೇದು ಮಾಡಿದ್ದಾರೆ ಅಂತ ಸಂಶಯ ಪಡಬಹುದು.

ನಾಲ್ಕು, ಗಾಜಿನೊಳಗೆ. ಸಣ್ಣ ಗುಳ್ಳೆಗಳು, ಒಂದು ಪಕ್ಕ ದಪ್ಪ ಒಂದು ಪಕ್ಕ ತೆಳು, ಚೂರು ವಾಲಿದ ಕುತ್ತಿಗೆ. ಕ್ವಾಲಿಟಿ ಕಂಟ್ರೋಲ್ ತರಗತಿಯಲ್ಲಿ ಇವೆಲ್ಲ ದೋಷ. ಕಿಟಕಿಯಲ್ಲಿಟ್ಟಾಗ ಬೆಳಕು ಚೆಂದ ಆಗೋದು ಇವುಗಳಿಂದಲೇ.

ಐದು, ಅಕ್ಷರ. ನಮ್ಮ ದೇಶದ ಬಾಟಲಿಗಳಿಗೆ ಇದೇ ಅತಿ ಒಳ್ಳೇ ಸುಳಿವು. ಉಬ್ಬಿದ ಅಕ್ಷರ ಅಚ್ಚಿನಲ್ಲೇ ಬಂದದ್ದು. ಗಾಜಿನ ಮೇಲೆ ಸುಟ್ಟು ಕೂರಿಸಿದ ಬಣ್ಣದ ಅಕ್ಷರ ಸೋಡಾ ಬಾಟಲಿಗಳಲ್ಲಿ 1930ರ ದಶಕದಿಂದ ಈಚೆಗಿನ ಪದ್ಧತಿ. ಅಳತೆ ಔನ್ಸ್‌ನಲ್ಲಿ ಇದೆಯಾ, ಮಿಲಿಲೀಟರಿನಲ್ಲಿ ಇದೆಯಾ ನೋಡಿ. ಮೆಟ್ರಿಕ್ ಪದ್ಧತಿ ತರುವ ಕಾಯ್ದೆ ಭಾರತದಲ್ಲಿ ಆದದ್ದು 1956ರಲ್ಲಿ, ಅದು ಹಂತಹಂತವಾಗಿ ಜಾರಿಗೆ ಬಂತು. ಲೇಬಲ್ಲಿನ ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ರಾಜ್ಯ" ಅಂತಿದ್ದರೆ ಬಹುಶಃ 1973ರ ನವೆಂಬರ್ 1ಕ್ಕಿಂತ ಹಿಂದಿನದು, ಯಾಕಂದ್ರೆ ಅವತ್ತು ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂತು. ರಾಜ್ಯೋತ್ಸವದ ಭಾಷಣದಲ್ಲಿ ಕೇಳುವ ದಿನಾಂಕ ಹೀಗೆ ಒಂದು ಕೆಮ್ಮಿನ ಔಷಧಿ ಸೀಸೆಯ ವಯಸ್ಸು ಹೇಳುತ್ತೆ.

ಒಂದು ಉದಾಹರಣೆ: ಗೋಲಿ ಸೋಡಾ

ನಮಗೆಲ್ಲಾ ಗೊತ್ತಿರೋ ಬಾಟಲಿಯನ್ನೇ ಓದೋಣ. ಗೋಲಿ ಸೋಡಾ ಬಾಟಲಿಯನ್ನ ರೂಪಿಸಿದ್ದು ಹೈರಮ್ ಕಾಡ್ ಅನ್ನೋ ಇಂಗ್ಲಿಷ್ ಎಂಜಿನಿಯರ್. ಈಗ ನಮಗೆ ಗೊತ್ತಿರೋ ರೂಪಕ್ಕೆ ಪೇಟೆಂಟ್ ಸಿಕ್ಕಿದ್ದು 1872ರಲ್ಲಿ. ಗ್ಯಾಸ್ ತುಂಬಿದ ನೀರಿಗೆ ಕಾರ್ಕ್ ಹಾಕಿದರೆ ಒಣಗಿ ಕುಗ್ಗಿ ಗ್ಯಾಸ್ ಸೋರುತ್ತೆ, ಇಲ್ಲವೇ ಒತ್ತಡಕ್ಕೆ ಹಾರಿಹೋಗುತ್ತೆ. ಕಾಡ್ ಆ ಒತ್ತಡವನ್ನೇ ಮುಚ್ಚಳ ಮಾಡಿದರು. ಬಾಟಲಿ ತುಂಬಿ ತಲೆಕೆಳಗು ಮಾಡಿದಾಗ ಗೋಲಿ ಬಾಯಿಯ ರಬ್ಬರ್ ಉಂಗುರದ ಮೇಲೆ ಬಂದು ಕೂರುತ್ತೆ. ನೇರ ಮಾಡಿದರೂ ಒಳಗಿನ ಗ್ಯಾಸ್ ಅದನ್ನ ಅಲ್ಲೇ ಒತ್ತಿ ಹಿಡಿಯುತ್ತೆ. ಬೇರೆ ಮುಚ್ಚಳವೇ ಬೇಡ.

ಲೆಕ್ಕ ಹಾಕಿ ನೋಡೋಣ. ಬಾಯಿಯ ತೂತಿನ ವ್ಯಾಸ 12 ಮಿಲಿಮೀಟರ್, ಒಳಗಿನ ಒತ್ತಡ ಹೊರಗಿಗಿಂತ 3 ಬಾರ್ ಹೆಚ್ಚು ಅಂತ ಇಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 113 ಚದರ ಮಿಲಿಮೀಟರ್. ಒತ್ತಡದಿಂದ ಗುಣಿಸಿದರೆ ಬಲ ಸುಮಾರು 34 ನ್ಯೂಟನ್, ಅಂದ್ರೆ ಮೂರೂವರೆ ಕಿಲೋ ತೂಕ ಇಟ್ಟ ಹಾಗೆ. ಅಂಗಡಿಯವರು ಮರದ ಗುಬ್ಬಿ ಇಟ್ಟು ಅಂಗೈಯಿಂದ ಗುದ್ದೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ!

ಕುತ್ತಿಗೆಯ ಸೊಂಟ ಕಿರಿದಾಗಿರೋದು ಗೋಲಿ ಹೊಟ್ಟೆಗೆ ಬೀಳದಿರಲಿ ಅಂತ. ಒಂದು ಪಕ್ಕ ಇರುವ ಎರಡು ತಗ್ಗು ಕುಡಿಯುವವರಿಗಾಗಿ. ಆ ಪಕ್ಕ ಕೆಳಗೆ ಬರೋ ಹಾಗೆ ಬಗ್ಗಿಸಿದರೆ ಗೋಲಿ ತಗ್ಗಿಗೆ ತಗುಲಿ ನಿಲ್ಲುತ್ತೆ, ಬಾಯಿಗೆ ಅಡ್ಡ ಬರಲ್ಲ. ಗೋಲಿಯನ್ನ ಒಳಗೆ ಹಾಕಿದ ಮೇಲೆ ತುಟಿ ಕಟ್ಟುವುದರಿಂದ ಅದು ಹೊರಗೆ ಬರೋ ದಾರಿಯೇ ಇಲ್ಲ. ಗೋಲಿ ಆಸೆಗೆ ಬಾಟಲಿ ಒಡೆದ ಮಕ್ಕಳು ಇಂಗ್ಲೆಂಡಿನಲ್ಲೂ ಇದ್ದರು, ನಮ್ಮಲ್ಲೂ ಇದ್ದರು. ಹಳೇವು ಕಡಿಮೆ ಉಳಿದಿರೋದಕ್ಕೆ ಅದೂ ಒಂದು ಕಾರಣ.

ಒಂದು ಎಚ್ಚರಿಕೆ. ಗೋಲಿ ಬಾಟಲಿಗಳು ಈಗಲೂ ತಯಾರಾಗ್ತಿವೆ. ಜಪಾನಿನ ರಾಮುನೆ ಪಾನೀಯವೂ ಇದೇ ರೀತಿಯ ಬಾಟಲಿಯಲ್ಲಿ ಬರುತ್ತೆ. ಗೋಲಿ ಇದೆ ಅಂದ ಮಾತ್ರಕ್ಕೆ ಹಳೇದಲ್ಲ. ಬೆಂಗಳೂರಿನ ಸಂಡೇ ಬಜಾರಿನಲ್ಲೋ ನಿಮ್ಮೂರ ಗುಜರಿ ಅಂಗಡಿಯಲ್ಲೋ ಕೊಳ್ಳುವ ಮುಂಚೆ ಮೇಲಿನ ಐದೂ ಜಾಗ ನೋಡಿ, ಆಮೇಲೆ ಚೌಕಾಸಿ ಮಾಡಿ.

ಗಾಜು ಯಾಕೆ ಒಡೆಯುತ್ತೆ

ಅದೇ ಸೋಡಾ ಬಾಟಲಿಯ ಗೋಡೆಯಲ್ಲಿ ಎಷ್ಟು ಸ್ಟ್ರೆಸ್ ಇರುತ್ತೆ? ತ್ರಿಜ್ಯ 30 ಮಿಲಿಮೀಟರ್, ದಪ್ಪ 5 ಮಿಲಿಮೀಟರ್, ಒತ್ತಡ 3 ಬಾರ್. ಹೂಪ್ ಸ್ಟ್ರೆಸ್ ಸೂತ್ರ ಹಾಕಿದರೆ ಬರೋದು 1.8 ಮೆಗಾಪ್ಯಾಸ್ಕಲ್ ಮಾತ್ರ. ಬಳಸಿದ ಗಾಜು ಸಾಮಾನ್ಯವಾಗಿ ತಡೆಯೋದು 30ರಿಂದ 60 ಮೆಗಾಪ್ಯಾಸ್ಕಲ್ ಅಂತ ಹಿಡಿಯಬಹುದು. ಹಾಗಾದ್ರೆ ಅಷ್ಟು ದಪ್ಪ ಯಾಕೆ? ಗೀರುಗಳ ಭಯಕ್ಕೆ. ಎ. ಎ. ಗ್ರಿಫಿತ್ 1921ರಲ್ಲಿ ತೋರಿಸಿದ್ದು ಇದನ್ನೇ: ಗಾಜಿನ ಶಕ್ತಿ ಕಡಿಮೆ ಆಗೋದು ಅದರ ಮೇಲಿನ ಸೂಕ್ಷ್ಮ ಬಿರುಕುಗಳಿಂದ. ಬಿರುಕಿನ ತುದಿಯಲ್ಲಿ ಸ್ಟ್ರೆಸ್ ಹಲವು ಪಟ್ಟು ಏರುತ್ತೆ. ಫ್ರ್ಯಾಕ್ಚರ್ ಮೆಕ್ಯಾನಿಕ್ಸ್ ಅನ್ನೋ ಇಡೀ ವಿಷಯ ಶುರುವಾದದ್ದು ಗಾಜಿನ ಮೇಲೆ ಮಾಡಿದ ಆ ಪ್ರಯೋಗಗಳಿಂದ.

ಹಳೇ ಬಾಟಲಿ ಅಂದ್ರೆ ಗೀರು ತುಂಬಿದ ಬಾಟಲಿ. ಅದಕ್ಕೆ ಒತ್ತಡ ಹಾಕಬಾರದು, ಗ್ಯಾಸ್ ತುಂಬಿದ ಪಾನೀಯ ತುಂಬಿಡಬಾರದು. ದಾರ ಸುತ್ತಿ ಬೆಂಕಿ ಹಚ್ಚಿ ಕತ್ತರಿಸಿದರೆ ಅಂಚಿನ ತುಂಬಾ ಹೊಸ ಬಿರುಕು. ಅವತ್ತು ಚೆನ್ನಾಗೇ ಕಾಣುತ್ತೆ, ಆಮೇಲೆ ಒಂದು ದಿನ ಒರೆಸುವಾಗ ಕೈ ಕೊಯ್ಯುತ್ತೆ.

ಲ್ಯಾಪ್‌ಟಾಪ್ ಪರೀಕ್ಷೆ

ಗಾಜನ್ನ ಮಾಡಿದ ಮೇಲೆ ನಿಧಾನವಾಗಿ ತಣಿಸಬೇಕು. ಇದೇ ಅನೀಲಿಂಗ್. ಸರಿಯಾಗಿ ತಣಿಸದಿದ್ದರೆ ಒಳಗೆ ಸ್ಟ್ರೆಸ್ ಉಳಿದುಬಿಡುತ್ತೆ. ಅದನ್ನ ನೋಡೋಕೆ ಲ್ಯಾಬ್ ಬೇಡ. ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬಿಳಿ ಪುಟ ತೆರೆಯಿರಿ. ಆ ಪರದೆಯಿಂದ ಬರೋದು ಧ್ರುವೀಕೃತ ಬೆಳಕು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಒಂದನ್ನ ಕಣ್ಣ ಮುಂದೆ ಹಿಡಿದು, ಪರದೆ ಕಪ್ಪಾಗುವ ತನಕ ತಿರುಗಿಸಿ. ಈಗ ನಡುವೆ ಬಾಟಲಿ ಹಿಡಿಯಿರಿ. ಅಲ್ಲಲ್ಲಿ ಬೂದು-ಬಿಳಿ ಛಾಯೆ ಕಂಡರೆ ಮಾಮೂಲಿ. ಹಳದಿ, ಕೆಂಪು, ನೀಲಿ ಪಟ್ಟಿ ಗಾಢವಾಗಿ ಕಂಡರೆ ಆ ಜಾಗದಲ್ಲಿ ಸ್ಟ್ರೆಸ್ ಜಾಸ್ತಿ ಉಳಿದಿದೆ. ಅಂಥ ಬಾಟಲಿಯನ್ನ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ಬಿಸಿ ನೀರಂತೂ ಬೇಡವೇ ಬೇಡ. ನೆರಳಿನಲ್ಲಿ, ಯಾರೂ ಮುಟ್ಟದ ಗೂಡಿನಲ್ಲಿ ಇಡಿ.

ತೊಳೆಯೋದು

ಮೊದಲ ನಿಯಮ: ಒಳಗೆ ಏನಿತ್ತು ಅಂತ ಗೊತ್ತಿಲ್ಲದ ಬಾಟಲಿಯನ್ನ ಮೂಸಬಾರದು, ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಕೀಟನಾಶಕದ ಬಾಟಲಿಯಾದರೆ ಮನೆಯೊಳಗೇ ತರಬೇಡಿ, ಎಷ್ಟೇ ಚೆಂದ ಇದ್ದರೂ. ಹಳೇ ಕಾಲದ ಕೋಬಾಲ್ಟ್ ನೀಲಿ ಬಾಟಲಿಗಳಲ್ಲಿ ಕೆಲವಕ್ಕೆ ಮೈಮೇಲೆ ಉಬ್ಬು ಗೆರೆಗಳಿರುತ್ತವೆ. ಕತ್ತಲಲ್ಲಿ ಮುಟ್ಟಿದರೂ ವಿಷ ಅಂತ ತಿಳಿಯಲಿ ಅನ್ನೋದಕ್ಕೇ ಅವನ್ನ ಹಾಗೆ ಮಾಡ್ತಿದ್ದರು. ಎಷ್ಟು ತೊಳೆದರೂ ಹಳೇ ಬಾಟಲಿಯಲ್ಲಿ ಕುಡಿಯುವ ನೀರು, ಎಣ್ಣೆ, ಉಪ್ಪಿನಕಾಯಿ ಇಡೋದು ಬೇಡ. ಅದು ಇನ್ಮೇಲೆ ನೋಡೋಕೆ ಮಾತ್ರ.

ಎರಡನೇ ನಿಯಮ: ಬಿಸಿ ನೀರು ಬೇಡ. ಗಾಜಿನ ಯಂಗ್ಸ್ ಮಾಡ್ಯುಲಸ್ ಸುಮಾರು 70 ಗಿಗಾಪ್ಯಾಸ್ಕಲ್. ಒಂದು ಡಿಗ್ರಿ ಬಿಸಿಯಾದರೆ ಅದು ಹಿಗ್ಗೋದು 10 ಲಕ್ಷದಲ್ಲಿ ಸುಮಾರು 9 ಭಾಗ. ಪಾಯ್ಸನ್ ಅನುಪಾತವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮೇಲ್ಮೈ ಥಟ್ಟನೆ ತಣ್ಣಗಾದಾಗ ಒಂದೊಂದು ಡಿಗ್ರಿಗೆ ಸುಮಾರು 0.8 ಮೆಗಾಪ್ಯಾಸ್ಕಲ್ ಎಳೆತ. 80 ಡಿಗ್ರಿ ಬಿಸಿ ಇರುವ ಬಾಟಲಿಗೆ 20 ಡಿಗ್ರಿ ನಲ್ಲಿ ನೀರು ಹಾಕಿದರೆ ಹತ್ತಿರ ಹತ್ತಿರ 48 ಮೆಗಾಪ್ಯಾಸ್ಕಲ್. ಮೇಲೆ ಹೇಳಿದ 30ರಿಂದ 60ರ ಜೊತೆ ಹೋಲಿಸಿ ನೋಡಿ. ತಣ್ಣನೆ ಬಾಟಲಿಗೆ ಬಿಸಿ ನೀರು ಹಾಕೋದಕ್ಕಿಂತ ಬಿಸಿ ಬಾಟಲಿಗೆ ತಣ್ಣೀರು ಹಾಕೋದು ಹೆಚ್ಚು ಅಪಾಯ, ಯಾಕಂದ್ರೆ ಗಾಜು ಒತ್ತಿದರೆ ತಡೆಯುತ್ತೆ, ಎಳೆದರೆ ತಡೆಯಲ್ಲ. ಬೋರೋಸಿಲಿಕೇಟ್ ಹಿಗ್ಗೋದು ಇದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಲ್ಯಾಬಿನ ಬೀಕರ್ ಬದುಕೋದು ಅದಕ್ಕೇ.

ಈಗ ವಿಧಾನ. ಕಾಗದದ ಲೇಬಲ್ ಇದ್ದರೆ ನೆನೆಸಬೇಡಿ, ಮೆದು ಬ್ರಷ್‌ನಿಂದ ಧೂಳು ತೆಗೆಯಿರಿ, ಸಾಕು. ಲೇಬಲ್ ಇಲ್ಲದಿದ್ದರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಟ್ಟೆ ಹಾಸಿ, ರೂಮಿನ ತಾಪದ ನೀರಿಗೆ ಚೂರು ಪಾತ್ರೆ ತೊಳೆಯುವ ಸೋಪ್ ಹಾಕಿ ಒಂದು ರಾತ್ರಿ ಬಿಡಿ. ಒಳಗೆ ಕೈ ಹೋಗಲ್ಲ ಅಂದ್ರೆ ಒಂದು ಹಿಡಿ ಅಕ್ಕಿ, ಅರ್ಧ ಲೋಟ ಸೋಪ್ ನೀರು ಹಾಕಿ ಅಲ್ಲಾಡಿಸಿ. ಮರಳು ಹಾಕಬೇಡಿ. ಮೋಸ್ ಮಾಪಕದಲ್ಲಿ ಮರಳಿನ ಕ್ವಾರ್ಟ್ಜ್ 7, ಗಾಜು ಸುಮಾರು 5.5. ಮರಳು ಗಾಜನ್ನ ಗೀರುತ್ತೆ, ಅಕ್ಕಿ ಗೀರಲ್ಲ.

ಇನ್ನೂ ಮಸುಕು ಉಳಿದಿದೆಯಾ? ಅದರಲ್ಲಿ ಎರಡು ಬಗೆ. ಬೋರ್‌ವೆಲ್ ನೀರಿನ ಬಿಳಿ ಪದರ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ವಿನಿಗರ್ ಅಥವಾ ನಿಂಬೆರಸದಲ್ಲಿ ಕೆಲವು ಗಂಟೆ ಬಿಟ್ಟರೆ ಸಣ್ಣ ಗುಳ್ಳೆ ಬಂದು ಕರಗುತ್ತೆ. ಅದಕ್ಕೂ ಹೋಗದ ಮಸುಕು ಗಾಜಿನದ್ದೇ ಇರಬಹುದು. ತೇವದಲ್ಲಿ ವರ್ಷಗಟ್ಟಲೆ ಇದ್ದ ಗಾಜಿನಿಂದ ಸೋಡಿಯಂ ನಿಧಾನವಾಗಿ ಹೊರಬಂದು ಮೇಲ್ಮೈ ಬದಲಾಗಿರುತ್ತೆ. ಕೆಲವು ಬಾಟಲಿಯಲ್ಲಿ ಅದು ಕಾಮನಬಿಲ್ಲಿನ ಹಾಗೆ ಹೊಳೆಯುತ್ತೆ. ಉಜ್ಜಿದರೂ ಅದು ಹೋಗಲ್ಲ. ಆ್ಯಸಿಡ್ ತಂದು ಸಾಹಸ ಮಾಡಬೇಡಿ, ಅದನ್ನ ಹಾಗೇ ಇಟ್ಟುಕೊಳ್ಳಿ.

ಇಡೋದು ಎಲ್ಲಿ

ಗಾಜಿನ ಒಂದೊಂದು ಮೇಲ್ಮೈಯಿಂದ ವಾಪಸ್ ಬರೋ ಬೆಳಕು ಸುಮಾರು 4% ಮಾತ್ರ, ಉಳಿದದ್ದರಲ್ಲಿ ಹೆಚ್ಚಿನದು ಒಳಗೆ ಹೋಗುತ್ತೆ. ಆದ್ದರಿಂದ ಎದುರಿಂದ ಲೈಟ್ ಬಿಟ್ಟರೆ ಸಿಗೋದು ಬರೀ ಮಿಂಚು. ಬಣ್ಣ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು. ಕಿಟಕಿಯ ಹಲಗೆ ಅತಿ ಒಳ್ಳೇ ಜಾಗ. ಬೆಳಗಿನ ಬೆಳಕು ಬೇಕಿದ್ದರೆ ಪೂರ್ವದ ಕಿಟಕಿ. ಕಾಗದದ ಲೇಬಲ್ ಇರೋದನ್ನ ಮಾತ್ರ ಅಲ್ಲಿಡಬೇಡಿ, ಬಿಸಿಲಿಗೆ ಮಾಸುತ್ತೆ.

ಹಳೇ ಮನೆಗಳಲ್ಲಿ ಗೋಡೆಯಲ್ಲೇ ದೀಪದ ಗೂಡು ಇರುತ್ತಲ್ಲ, ಅದು ಬಾಟಲಿಗೆ ಹೇಳಿ ಮಾಡಿಸಿದ ಜಾಗ. ಮೂರು ಕಡೆ ಗೋಡೆ ಇರೋದರಿಂದ ಬೀಳಲ್ಲ. ಗೂಡಿನ ಒಳಗೋಡೆಗೆ ಬಿಳಿ ಸುಣ್ಣ ಬಳಿದು, ಬಾಟಲಿ ಹಿಂದೆ ಒಂದು ಸಣ್ಣ ಎಲ್‌ಇಡಿ ಇಟ್ಟರೆ ತಿಳಿ ಹಸಿರು ಗಾಜು ಎದ್ದು ಕಾಣುತ್ತೆ. ಕಂದು ಬಾಟಲಿಗೆ ಹಳದಿ ಛಾಯೆಯ ಎಲ್‌ಇಡಿ ಒಪ್ಪುತ್ತೆ, ಕೋಬಾಲ್ಟ್ ನೀಲಿಗೆ ಬಿಳಿಯದು. ಹಳದಿ ಬೆಳಕಿನಲ್ಲಿ ನೀಲಿ ಅಂಶವೇ ಕಡಿಮೆ, ಅದರಲ್ಲಿ ನೀಲಿ ಗಾಜು ಕಪ್ಪಗೆ ಕಾಣುತ್ತೆ. ಒಳಗೆ ಲೈಟ್ ಹಾಕೋದಿದ್ದರೆ ಬ್ಯಾಟರಿಯ ಸೀರಿಯಲ್ ಎಲ್‌ಇಡಿಯನ್ನ ಬಾಯಿಂದ ಇಳಿಬಿಡಿ. ತಂತಿಗಾಗಿ ಡ್ರಿಲ್ ಮಾಡೋದು ಬೇಡ.

ಹತ್ತು ಬಾಟಲಿ ಇದ್ದರೂ ಒಮ್ಮೆಗೆ ಮೂರೋ ಐದೋ ಇಡಿ. ಎತ್ತರದ್ದು ಹಿಂದೆ, ಬುಡ್ಡಿ ಮುಂದೆ, ನಡುವೆ ಎರಡು ಬೆರಳಿನ ಜಾಗ. ಕೆಳಗೆ ತೆಳು ರಬ್ಬರ್ ಹಾಳೆ. ತಲೆ ಮೇಲಿನ ಶೆಲ್ಫಿನಲ್ಲಿ, ಹಾಸಿಗೆ ಮೇಲೆ, ಮಕ್ಕಳು ಬೆಕ್ಕು ಓಡಾಡೋ ಕಡೆ ಬೇಡ.

ನೀರು ತುಂಬಿಸುವವರಿಗೆ ಎರಡು ಮಾತು

ಮೊದಲನೆಯದು ಬೆಂಕಿ. ನೀರು ತುಂಬಿದ ಗುಂಡು ಬಾಟಲಿ ಒಂದು ಮಸೂರ. ನೀರಿನ ವಕ್ರೀಭವನ ಸೂಚ್ಯಂಕ 1.33 ಹಾಕಿ ಲೆಕ್ಕ ಮಾಡಿದರೆ ಫೋಕಸ್ ಬೀಳೋದು ಮಧ್ಯಬಿಂದುವಿನಿಂದ ತ್ರಿಜ್ಯದ ಎರಡರಷ್ಟು ದೂರದಲ್ಲಿ. 4 ಸೆಂಟಿಮೀಟರ್ ತ್ರಿಜ್ಯದ ಬಾಟಲಿಯಾದರೆ ಅದರ ಗೋಡೆಯಿಂದ ಸುಮಾರು 4 ಸೆಂಟಿಮೀಟರ್ ಆಚೆ. ಕಿಟಕಿಯಲ್ಲಿ ಅಷ್ಟು ದೂರದಲ್ಲಿ ಏನಿರುತ್ತೆ? ಪರದೆ, ಪುಸ್ತಕ, ರೆಕಾರ್ಡ್ ಶೀಟುಗಳು. ನೇರ ಬಿಸಿಲು ಬೀಳೋ ಕಡೆ ಖಾಲಿ ಬಾಟಲಿ ಮಾತ್ರ ಇಡಿ.

ಎರಡನೆಯದು ಸೊಳ್ಳೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ನಿಂತ ನೀರಿನ ಪಾತ್ರೆಯ ಗೋಡೆಗೆ, ನೀರಿನ ಮಟ್ಟಕ್ಕಿಂತ ಚೂರು ಮೇಲೆ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗೋಕೆ ಒಂದು ವಾರ, ಹತ್ತು ದಿನ ಸಾಕು. ಹಾಸ್ಟೆಲ್ಲಿನ ಮನಿ ಪ್ಲಾಂಟ್ ಬಾಟಲಿಗಳ ನೀರನ್ನ ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆ ಬ್ರಷ್‌ನಿಂದ ಉಜ್ಜಿ, ಬಾಯಿಗೆ ಹತ್ತಿ ತುರುಕಿ. ಪಾಚಿ ತೊಂದರೆ ಇದ್ದರೆ ಕಂದು ಬಾಟಲಿ ಬಳಸಿ, ಬೆಳಕು ಕಡಿಮೆ ಆದರೆ ಪಾಚಿಯೂ ಕಡಿಮೆ. ಆದ್ರೆ ಗಿಡಕ್ಕೆ ಹೊಸ ಬಾಟಲಿಯೇ ಒಳ್ಳೇದು. ಹಳೇದು ಒಣಗಿರಲಿ.

ಗಾಜು ಹೇಳದ ವಿಷಯ

ಗೆರೆ ವಿಧಾನ ಹೇಳುತ್ತೆ, ಬಣ್ಣ ಒಳಗಿನ ಪದಾರ್ಥ ಹೇಳುತ್ತೆ, ಅಕ್ಷರ ಕಾಲ ಹೇಳುತ್ತೆ. ಆದ್ರೆ ಆ ಸೀಸೆಯಲ್ಲಿ ಯಾರಿಗೆ ಔಷಧಿ ತಂದಿದ್ದರು, ಆ ಮಸಿ ಬುಡ್ಡಿಯಲ್ಲಿ ಯಾರು ಲೆಕ್ಕ ಬರೆದರು, ಔಷಧಿ ಮುಗಿದ ಮೇಲೆ ಬತ್ತಿ ಹಾಕಿ ಅದನ್ನೇ ಸೀಮೆಎಣ್ಣೆ ದೀಪ ಮಾಡಿಕೊಂಡವರು ಯಾರು, ಇದನ್ನ ಯಾವ ಪೋಲರೈಸ್ಡ್ ಕನ್ನಡಕವೂ ತೋರಿಸಲ್ಲ. ಅದು ಗೊತ್ತಿರೋದು ಮನೆಯ ಹಿರಿಯರಿಗೆ ಮಾತ್ರ. ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ಅಟ್ಟದ ಸಾಮಾನು ಮೊದಲು ಗುಜರಿಗೆ ಹೋಗುತ್ತೆ, ಗಾಜು ತೂಕದ ಲೆಕ್ಕದಲ್ಲಿ ಹೋಗುತ್ತೆ. ಗಾಜಿಗೆ ಅವಸರ ಇಲ್ಲ, ಇನ್ನೂ ನೂರು ವರ್ಷ ಹಾಗೇ ಇರುತ್ತೆ. ಅದರ ಕಥೆ ಗೊತ್ತಿರುವವರು ಅಷ್ಟು ದಿನ ಇರಲ್ಲ.

ಹಾಗಾಗಿ ಈ ಪಾಠದ ಹೋಂವರ್ಕ್. ಈ ರಜೆಗೆ ಊರಿಗೆ ಹೋದಾಗ ಒಂದೇ ಒಂದು ಹಳೇ ಬಾಟಲಿ ಹುಡುಕಿ. ಐದು ಜಾಗ ಓದಿ, ಒಂದು ಪುಟ ಬರೆಯಿರಿ: ಗೆರೆ ಎಲ್ಲಿ ನಿಂತಿದೆ, ಬಾಯಿ ಎಂಥದ್ದು, ತಳ ಹೇಗಿದೆ, ಬಣ್ಣ ಯಾವುದು, ಅಕ್ಷರ ಏನು. ಆಮೇಲೆ ಅಜ್ಜಿಯನ್ನೋ ತಾತನನ್ನೋ ಕೂರಿಸಿಕೊಂಡು ಕೇಳಿ, "ಇದರಲ್ಲಿ ಏನಿತ್ತು? ಯಾರು ತಂದಿದ್ದು? ಇದನ್ನ ಏನಂತ ಕರೀತಿದ್ರಿ?" ಅವರು ಹೇಳಿದ ಮಾತನ್ನ, ಅವರು ಬಳಸಿದ ಪದದಲ್ಲೇ, ಒಂದು ಸಣ್ಣ ಚೀಟಿಯಲ್ಲಿ ಬರೆದು ದಾರದಿಂದ ಬಾಟಲಿ ಕುತ್ತಿಗೆಗೆ ಕಟ್ಟಿ. ಗೋಂದು ಹಚ್ಚಿ ಅಂಟಿಸಬೇಡಿ. ಚೀಟಿಯಲ್ಲಿ ಹೇಳಿದವರ ಹೆಸರು, ದಿನಾಂಕ ಇರಲಿ. ಆಮೇಲೆ ಕಿಟಕಿಯಲ್ಲಿಡಿ.

ನಿಮ್ಮ ಊರಿನಲ್ಲಿ ಬಾಟಲಿಗೆ, ಸೀಸೆಗೆ, ಬುಡ್ಡಿಗೆ ಬೇರೆ ಹೆಸರೇನಾದ್ರೂ ಇದ್ದರೆ ಅದನ್ನೂ ಬರೆದು ತನ್ನಿ. ರಜೆ ಮುಗಿದ ಮೇಲೆ ಸಂಘದ ಕೋಣೆಯಲ್ಲಿ ಎಲ್ಲಾ ಪುಟಗಳನ್ನ ಒಟ್ಟಿಗೆ ಓದೋಣ.